ಕೋವಿ ಹಾರದ ಆ ಶನಿವಾರ

ನಮಸ್ಕಾರ.

‘ಚಕಮಕಿ ಕೋವಿ: ಒಂದು ಅಪರೂಪದ ಹವ್ಯಾಸ’ ಎಂಬ ನಿಮ್ಮ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ಒಂಬತ್ತು ಪುಟವನ್ನೂ ಎರಡೆರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲಾರೆ. ಹಾಗಂತ ವಿಷಾದದ ಒಂದು ಸಾಲು ಬರೆದು ಹಿಂದಕ್ಕೆ ಕಳಿಸುವ ಲೇಖನವೂ ಅಲ್ಲ ಇದು. ಅದಕ್ಕೇ ಈ ಉದ್ದದ ಪತ್ರ.

ಮೊದಲ ನಾಲ್ಕು ಪುಟ ತೆಗೆದುಬಿಡಿ. ಚೀನಾದಲ್ಲಿ ಸಿಡಿಮದ್ದು ಹುಟ್ಟಿದ್ದು, ಬತ್ತಿ ಕೋವಿ ಹೋಗಿ ಚಕಮಕಿ ಕೋವಿ ಬಂದದ್ದು, ನೆಪೋಲಿಯನ್ನನ ಸೈನ್ಯ, ಇವೆಲ್ಲ ಯಾರು ಬೇಕಾದರೂ ಬರೆಯಬಹುದಾದ ಪುಟಗಳು. ಪೆನ್ಸಿಲ್ವೇನಿಯಾದಲ್ಲಿ ಮೂರು ವರ್ಷ ಇದ್ದು, ಪಕ್ಕದ ಮನೆಯ ಮುದಿ ಬಡಗಿಯ ಜೊತೆ ಶನಿವಾರ ಶನಿವಾರ ರೇಂಜಿಗೆ ಹೋಗಿ, ಅವನಿಂದಲೇ ಉದ್ದ ನಳಿಕೆಯ ರೈಫಲ್ ಕೊಂಡು ಹೊಡೆದವರು ನೀವು. ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಗೇ ಮೀಸಲಾದ ಜಿಂಕೆ ಬೇಟೆಯ ದಿನಗಳು ಆ ರಾಜ್ಯದಲ್ಲಿ ಇಂದಿಗೂ ಇವೆ ಎಂದು ಆರನೇ ಪುಟದಲ್ಲಿ ಅರ್ಧ ವಾಕ್ಯ ಬರೆದಿದ್ದೀರಿ. ನಾಲ್ಕು ಪುಟದ ಚರಿತ್ರೆಗಿಂತ ಆ ಅರ್ಧ ವಾಕ್ಯಕ್ಕೆ ನಾನು ಹೆಚ್ಚು ಹೊತ್ತು ನಿಂತೆ.

ಟಿಪ್ಪುವಿಗೆ ಒಂದು ಪುಟ ಕೊಟ್ಟಿದ್ದೀರಿ, ವಸ್ತುಸಂಗ್ರಹಾಲಯದ ಫಲಕದ ಭಾಷೆಯಲ್ಲಿ. ಅದು ಬೇಕೇ ಬೇಕು ಅನ್ನಿಸಿದರೆ ಒಂದು ಬೆಳಿಗ್ಗೆ ಕಲಾಸಿಪಾಳ್ಯಕ್ಕೆ ಹೋಗಿಬನ್ನಿ. ಬಸ್ಸುಗಳ ಗದ್ದಲದ ನಡುವೆಯೇ ಅವನ ಕಾಲದ ಮದ್ದಿನಮನೆ ಉಳಿದಿದೆ. ಅದರ ಗೋಡೆ ನೋಡಿ, ನಿಮ್ಮ ಕೊಂಬಿನ ಡಬ್ಬಿಯಲ್ಲಿದ್ದ ಮದ್ದು ತುಂತುರು ಮಳೆಗೆ ತೇವ ಕುಡಿದ ದಿನ ನೆನಪಿಸಿಕೊಂಡು ಬರೆಯಿರಿ. ಆಗ ಟಿಪ್ಪುವಿಗೂ ನಿಮಗೂ ಒಂದೇ ಚಿಂತೆ ಇತ್ತು ಎಂದು ನಾನು ನಂಬುತ್ತೇನೆ.

ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಐದನೇ ಪುಟದ ಕೊನೆಯಲ್ಲಿ. ಕಲ್ಲು ಕಚ್ಚಿದ ಕೋವಿಯ ಕುದುರೆ ಉಕ್ಕಿನ ಮೇಲೆ ಬಿತ್ತು, ಕಿಡಿ ಹಾರಿತು, ನಳಿಕೆಯ ಹೊರಬದಿಯ ಬಟ್ಟಲಿನ ಮದ್ದು ಭಗ್ಗೆಂದಿತು, ಆಮೇಲೆ ಏನೂ ಇಲ್ಲ. ನೀವು ಕೋವಿ ಇಳಿಸಲು ಹೋದಿರಿ. ಬಡಗಿ ಮಾತಾಡದೆ ನಿಮ್ಮ ಮೊಣಕೈ ಹಿಡಿದು, ನಳಿಕೆ ಗುರಿಯ ಕಡೆಗೇ ಇರುವಂತೆ ನಿಲ್ಲಿಸಿ, ಒಂದು ನಿಮಿಷ ಎಣಿಸಿದ. ಇದಕ್ಕೆ ನೀವು ಕೊಟ್ಟದ್ದು ಎರಡು ಸಾಲು! ನಳಿಕೆಯ ಒಳಗೆ ಕಿಡಿ ಇನ್ನೂ ಬದುಕಿರಬಹುದು, ಈಡು ತಡವಾಗಿ ಹಾರಬಹುದು ಎಂಬ ಭಯದಲ್ಲಿ ಮುದುಕನೊಬ್ಬ ನಿಮ್ಮ ಕೈ ಹಿಡಿದು ನಿಂತ ಅರವತ್ತು ಸೆಕೆಂಡು ಅದು. ಅವನು ಬಾಯಲ್ಲಿ ಎಣಿಸಿದನೋ, ಮನಸ್ಸಿನಲ್ಲೋ? ಪಕ್ಕದ ಸಾಲಿನವರು ಹೊಡೆಯುವುದು ನಿಲ್ಲಿಸಿದರೇ? ಬಟ್ಟಲಿನಿಂದ ನಳಿಕೆಗೆ ಬೆಂಕಿ ಹೋಗುವ ತೂತಿನಲ್ಲಿ ಹಿಂದಿನ ಈಡಿನ ಕಿಟ್ಟ ಕಟ್ಟಿಕೊಂಡಿತ್ತು, ತಂತಿ ಚುಚ್ಚಿ ಬಿಡಿಸಲು ನೀವು ಮರೆತಿದ್ದಿರಿ ಎಂದು ಆಮೇಲೆ ತಿಳಿಯಿತಲ್ಲ, ಆ ತಂತಿ ಆಗ ಎಲ್ಲಿತ್ತು? ಜೇಬಿನಲ್ಲೇ ಇತ್ತು ಅಂತಾದರೆ ಬರೆಯಲೇಬೇಕು.

ಅದೇ ಜಾಗದಲ್ಲಿ ‘ಬಾಣಲೆಯಲ್ಲಿನ ಮಿಂಚು’ ಎಂದಿದ್ದೀರಿ. ಇಂಗ್ಲಿಷರು ಈ ಘಟನೆಯಿಂದ ‘ಫ್ಲ್ಯಾಶ್ ಇನ್ ದ ಪ್ಯಾನ್’ ಎಂಬ ನುಡಿಗಟ್ಟು ಮಾಡಿಕೊಂಡಿದ್ದಾರೆ, ಸರಿ. ಕನ್ನಡದಲ್ಲಿ ಬಾಣಲೆ ಅಂದರೆ ಬೋಂಡ ನೆನಪಾಗುತ್ತದೆ. ‘ಬಟ್ಟಲ ಮದ್ದು ಹೊತ್ತಿತು, ಈಡು ಹಾರಲಿಲ್ಲ’ ಅಂದರೆ ಸಾಕು. ‘ರಾಮ್‌ರಾಡ್ ಇನ್ಸರ್ಟ್ ಮಾಡಿದೆ’, ‘ಗನ್‌ಪೌಡರ್ ಲೋಡ್ ಮಾಡಿದೆ’ ಎಂದು ಪುಟಪುಟದಲ್ಲೂ ಇದೆ. ಮದ್ದು, ಗುಂಡು, ಗಜ, ನಳಿಕೆ, ಕುದುರೆ, ಈಡು: ಕೊಪ್ಪದ ನಿಮ್ಮ ಅಜ್ಜನಿಗೆ ಇವೆಲ್ಲ ಬಾಯಿಪಾಠ ಇದ್ದಿರಲೇಬೇಕು. ರೈಫಲ್, ರೇಂಜ್ ಇರಲಿ, ಅವು ನಮ್ಮವೇ ಆಗಿವೆ. ಕಲ್ಲು ಬಡಿಯುವ ಉಕ್ಕಿನ ತಗಡಿಗೆ ಹೆಸರು ಹುಡುಕಿ ಒದ್ದಾಡಬೇಡಿ, ಉಕ್ಕಿನ ತಗಡು ಅನ್ನಿ.

ಈಗ ತಪ್ಪುಗಳು. ಕಲ್ಲು ಉರಿದು ಕಿಡಿ ಬರುತ್ತದೆ ಎಂದಿದ್ದೀರಿ. ಉರಿಯುವುದು ಕಲ್ಲಲ್ಲ, ಉಕ್ಕು. ಕಲ್ಲಿನ ಹರಿತ ಅಂಚು ಉಕ್ಕನ್ನು ಹೆರೆಯುತ್ತದೆ, ಆ ಸಣ್ಣ ಚೂರುಗಳೇ ಕೆಂಪಗೆ ಉದುರುತ್ತವೆ. ಅಂಚು ಮೊಂಡಾದಾಗ ಬಡಗಿ ಅದನ್ನು ಚಕ್ಕೆ ಎಬ್ಬಿಸಿ ಹದ ಮಾಡಿಕೊಡುತ್ತಿದ್ದನೆಂದು ನೀವೇ ಮುಂದೆ ಬರೆದಿದ್ದೀರಿ. ಏಕೆಂದು ನಿಮಗೇ ಹೊಳೆಯಬೇಕಿತ್ತು. ಇನ್ನು, ಅಜ್ಜನ ಕೋವಿಯ ಫೋಟೋ ಕಳಿಸಿ ಅದೂ ಚಕಮಕಿಯದೇ ಅಂದಿದ್ದೀರಿ. ಅಲ್ಲ. ನಳಿಕೆಯ ಬುಡದಲ್ಲಿ ಕೇಪು, ಅಂದರೆ ಕುದುರೆ ಬಡಿದಾಗ ಸಿಡಿದು ಈಡು ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿ, ಕೂರಿಸುವ ಮೊಲೆ ಎದ್ದು ಕಾಣುತ್ತಿದೆ. ಅದು ಕೇಪಿನ ಕೋವಿ, ಒಂದು ತಲೆಮಾರು ಈಚೆಯದು. ನಳಿಕೆಯ ಬಾಯಿಂದ ಮದ್ದು ತುಂಬುವುದಷ್ಟೇ ಎರಡಕ್ಕೂ ಸಮ.

ಮೂರನೆಯದು ತಪ್ಪು ಅನ್ನುವುದಕ್ಕಿಂತ ಅಪಾಯ. ‘ಹಳೆಯ ಮಾದರಿಯಾದ್ದರಿಂದ ಬೆಂಗಳೂರಿನಲ್ಲೂ ಲೈಸೆನ್ಸ್ ಇಲ್ಲದೆ ಈ ಹವ್ಯಾಸ ಶುರು ಮಾಡಬಹುದು’ ಎಂಬ ಸಾಲು. ಅಮೆರಿಕದ 1968ರ ಕೇಂದ್ರ ಕಾನೂನು ಇಂಥ ಕೋವಿಗಳನ್ನು ಪ್ರಾಚೀನ ಆಯುಧವೆಂದು ಹೊರಗಿಟ್ಟಿದೆ, ಅದು ಅಲ್ಲಿಯ ಮಾತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಕ್ಕೆ. ಹಾರುವ ಕೋವಿಗೆ ಲೈಸೆನ್ಸ್ ಬೇಕು, ಮದ್ದಿಗೆ ಸ್ಫೋಟಕಗಳ ಕಾನೂನು ಬೇರೆ. ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿಯ ವಂಶಪಾರಂಪರ್ಯದ ಜಮೀನಾದ ಜಮ್ಮಾ ಹಿಡುವಳಿದಾರರಿಗೆ, ಸದ್ಯ 2029ರವರೆಗೆ. ಕೊಪ್ಪದವರಿಗೂ ಬೆಂಗಳೂರಿನ ವಿಜಯನಗರದವರಿಗೂ ಅಲ್ಲ. ನಿಮ್ಮ ಮಾತು ನಂಬಿ ಯಾರಾದರೂ ಅಟ್ಟದಿಂದ ಕೋವಿ ಇಳಿಸಿದರೆ ಪೊಲೀಸರು ಮೊದಲು ಬರುವುದು ನನ್ನ ಕಚೇರಿಗೆ. ನಮ್ಮಲ್ಲಿ ಕುರ್ಚಿಯೇ ಕಡಿಮೆ.

ಕೋವಿ ತೊಳೆಯುವುದರ ಬಗ್ಗೆ ‘ನಂತರ ಸ್ವಚ್ಛಗೊಳಿಸಬೇಕು’ ಎಂದು ಮುಗಿಸಿದ್ದೀರಿ. ಇದನ್ನು ಮಾತ್ರ ಕ್ಷಮಿಸಲಾರೆ. ನಾನು ತೀರ್ಥಹಳ್ಳಿ ಕಡೆಯವನು. ಕಾಡುಹಂದಿಯಿಂದ ಬೆಳೆ ಕಾಯಲು ನಮ್ಮಜ್ಜನ ಹತ್ತಿರ ಲೈಸೆನ್ಸಿನ ಕೇಪಿನ ಕೋವಿ ಇತ್ತು, ಪ್ರತಿ ಚುನಾವಣೆಗೂ ಠಾಣೆಯಲ್ಲಿ ಠೇವಣಿ ಇಟ್ಟು ಬರುತ್ತಿದ್ದರು. ಈಡು ಹೊಡೆದ ರಾತ್ರಿ ಎಷ್ಟು ಹೊತ್ತಾದರೂ ಬಚ್ಚಲ ಹಂಡೆಯ ಬಿಸಿನೀರು ನಳಿಕೆಗೆ ಹೊಯ್ಯದೆ ಮಲಗಿದವರಲ್ಲ. ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ಬೆಳಗಾಗುವುದರೊಳಗೆ ಕಬ್ಬಿಣ ತಿನ್ನಲು ಶುರು. ಆ ಕಪ್ಪು ನೀರಿನ ಕೊಳೆತ ಮೊಟ್ಟೆಯ ವಾಸನೆ ಬಚ್ಚಲಿನಿಂದ ಜಗಲಿಗೆ ಬರುತ್ತಿತ್ತು, ಅಜ್ಜಿ ಬೈಯುತ್ತಿದ್ದರು. ನಳಿಕೆಗೆ ಇಳಿಸಿದ ಬಟ್ಟೆಚೂರು ಬೆಳ್ಳಗೆ ಹೊರಬರುವವರೆಗೂ ಅಜ್ಜ ಗಜ ಆಡಿಸುವರು, ಒಣಗಿಸಿ ಎಣ್ಣೆ ಸವರುವರು. ನೀವು ಇದನ್ನೆಲ್ಲ ಬಾಡಿಗೆ ಅಪಾರ್ಟ್‌ಮೆಂಟಿನ ಸ್ನಾನದ ತೊಟ್ಟಿಯಲ್ಲಿ ಮಾಡಿದಿರಿ. ಬಿಳಿ ತೊಟ್ಟಿ ಏನಾಯಿತು? ಮನೆಯವರು ಏನಂದರು? ಶನಿವಾರದ ಹತ್ತು ಈಡಿಗೆ ಭಾನುವಾರದ ಎಷ್ಟು ಹೊತ್ತು ಹೋಗುತ್ತಿತ್ತು? ನನ್ನ ಪ್ರಕಾರ ಹವ್ಯಾಸ ಎಂದರೆ ಆ ಭಾನುವಾರವೇ.

ಕೊನೆಗೆ ಎಂಟನೇ ಪುಟ. ವಾಪಸು ಬರುವಾಗ ಕೋವಿಯನ್ನು ಬಡಗಿಗೇ ಕೊಟ್ಟು ಬಂದಿರಿ, ಜೇಬಿನಲ್ಲಿ ಸವೆದ ಚಕಮಕಿ ಕಲ್ಲೊಂದು ಉಳಿದಿತ್ತು, ನಿಮ್ಮ ತಾಯಿ ಆ ಕಪ್ಪು ಕಲ್ಲನ್ನು ಸಾಲಿಗ್ರಾಮದ ಪಕ್ಕ ಇಟ್ಟುಬಿಟ್ಟರು. ಒಂದೇ ವಾಕ್ಯ ಬರೆದು ಮುಂದಿನ ಪ್ಯಾರಾದಲ್ಲಿ ‘ಶಸ್ತ್ರ ಸಂಸ್ಕೃತಿಯ ಮಹತ್ವ’ಕ್ಕೆ ಹಾರಿದ್ದೀರಿ. ಲೇಖನವನ್ನು ಆ ಕಲ್ಲಿನಿಂದ ಶುರು ಮಾಡಿ. ಅದು ಏನೆಂದು ಅಮ್ಮನಿಗೆ ಹೇಳಿದಿರೋ ಇಲ್ಲವೋ, ಅದನ್ನೂ ತಿಳಿಸಿ.

ಸಾವಿರದ ಐನೂರು ಪದ ದಾಟದಿರಲಿ. ಅಂತರ್ಜಾಲದಿಂದ ಇಳಿಸಿದ ಹನ್ನೆರಡು ಚಿತ್ರಗಳು ಬೇಡ. ದೇವರ ಗೂಡಿನಲ್ಲಿ ಇರುವ ಹಾಗೆಯೇ ಕಲ್ಲಿನ ಒಂದು ಫೋಟೋ ತೆಗೆದು ಕಳಿಸಿ. ಕುಂಕುಮ ಹಚ್ಚಿದ್ದರೆ ಒರೆಸಬೇಡಿ.

ಇಂತಿ,
ಸಂಪಾದಕ