ಕೊಲೊರಾಡೊದ ಬಯಲಿಗೂ ಬೆಟ್ಟಕ್ಕೂ ಒಂದೇ ರೈಫಲ್ ಆದರೆ ಯಾವ ತೋಟೆ?

ನೀವು ಡೆನ್ವರ್‌ನಲ್ಲಿದ್ದೀರಿ, ಎಚ್-1ಬಿ ವೀಸಾದಲ್ಲಿದ್ದೀರಿ. ಪೂರ್ವದ ಬಯಲಿನ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ, ಕುರುಚಲು ಗುಡ್ಡಗಳ ಮ್ಯೂಲ್ ಜಿಂಕೆ, ಎತ್ತರದ ಕಾಡಿನ ಎಲ್ಕ್ ಎಂಬ ಭಾರಿ ಜಿಂಕೆ ಮೂರಕ್ಕೂ ಒಂದೇ ರೈಫಲ್ ಕೊಂಡರೆ ಅದರ ತೋಟೆ ಯಾವುದಿರಬೇಕು ಎಂದು ಕೇಳಿದ್ದೀರಿ. ನನ್ನ ಉತ್ತರ 308 ವಿಂಚೆಸ್ಟರ್. ಗುಂಡಿನ ತೂಕ 165 ಗ್ರೇನ್, ಅಂದರೆ ಹತ್ತೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು.

ನಾನು ಮೊದಲು ಕೊಂಡದ್ದು ಇದಲ್ಲ. ಸಕಲೇಶಪುರದ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಜೋಡುನಳಿಗೆ ಕೋವಿಯಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತ್ತು. ನನ್ನ ಪಾಲಿಗೆ ಉಳಿದದ್ದು ಅಜ್ಜನ ಮಾತುಗಳು ಮಾತ್ರ. ದೊಡ್ಡ ಪ್ರಾಣಿಗೆ ದೊಡ್ಡ ಈಡು ಎಂಬ ಲೆಕ್ಕ ಅಲ್ಲಿಂದಲೇ ತಲೆಯಲ್ಲಿ ಕುಳಿತಿತ್ತು. ಗಂಡು ಎಲ್ಕ್ 300 ಕಿಲೊ ದಾಟುವುದುಂಟು ಎಂದು ಕೇಳಿದ್ದೇ 300 ವಿಂಚೆಸ್ಟರ್ ಮ್ಯಾಗ್ನಮ್ ಕೊಂಡೆ. ಅದು ಶಕ್ತಿಯುತವಾದ ತೋಟೆ, ಅದರಲ್ಲಿ ದೋಷವಿಲ್ಲ. ಆದರೆ ಅದರ ಒದೆತಕ್ಕೆ ನನ್ನ ಭುಜ ಒಗ್ಗಲಿಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಮೈ ಸೆಟೆದುಕೊಳ್ಳುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಎರಡನೆಯ ವರ್ಷ 150 ಗಜ ದೂರದಲ್ಲಿ ನಿಂತಿದ್ದ ಮ್ಯೂಲ್ ಜಿಂಕೆಗೆ ಗುಂಡು ಎದೆಗೂಡು ತಪ್ಪಿ ಹೊಟ್ಟೆಗೆ ಬಿತ್ತು. ಕತ್ತಲಾಗುವವರೆಗೂ ರಕ್ತದ ಜಾಡು ಹಿಡಿದು ಹೋದೆವು, ಮರುದಿನವೂ ಹುಡುಕಿದೆವು, ಸಿಗಲಿಲ್ಲ. ಅದು ಎಷ್ಟು ಹೊತ್ತು ನರಳಿತೋ ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ಚಳಿಗಾಲದಲ್ಲೇ ರೈಫಲ್ ಮಾರಿದೆ.

308ರ ಒದೆತ ಅದಕ್ಕಿಂತ ಬಹಳ ಕಡಿಮೆ. 1952ರಲ್ಲಿ ಬಂದ ಈ ತೋಟೆ ನೇಟೊ ಸೇನೆಗಳ 7.62 ಮಿಲಿಮೀಟರ್ ತೋಟೆಯ ಒಡಹುಟ್ಟು. ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. 200 ಗಜಕ್ಕೆ ಗುರಿ ಕೂಡಿಸಿಟ್ಟರೆ 300 ಗಜದಲ್ಲಿ ಗುಂಡು ಸುಮಾರು ಎಂಟೊಂಬತ್ತು ಇಂಚು ಇಳಿಯುತ್ತದೆ. ಬಯಲಿನಲ್ಲಿ ಪ್ರಾಂಗ್‌ಹಾರ್ನ್ ದೂರದಲ್ಲೇ ನಿಂತು ಆಸೆ ಹುಟ್ಟಿಸುತ್ತದೆ. ನಾನು 300 ಗಜದಾಚೆ ಹೊಡೆಯುವುದಿಲ್ಲ, ತೆವಳಿಕೊಂಡಾದರೂ ಹತ್ತಿರ ಹೋಗುತ್ತೇನೆ. ದಟ್ಟ ಕಾಡಿನ ಎಲ್ಕ್ ಅರುವತ್ತು, ಎಂಬತ್ತು ಗಜದಲ್ಲೇ ಎದುರಾಗಬಹುದು. ಅಲ್ಲಿ ವೇಗಕ್ಕಿಂತ ಗುಂಡಿನ ಗಟ್ಟಿತನ ಮುಖ್ಯ. ಮೆದುವಾದ ಗುಂಡು ಭುಜದ ಮೂಳೆಗೆ ಬಡಿದು ಚೂರಾದರೆ ಶ್ವಾಸಕೋಶ ತಲುಪುವುದಿಲ್ಲ. ಹಾಗಾಗಿ ಸೀಸಕ್ಕೆ ಹೊರಕವಚ ಬೆಸೆದಿರುವ ಗುಂಡನ್ನೋ ಇಡೀ ತಾಮ್ರದ ಗುಂಡನ್ನೋ ಕೊಳ್ಳಿ. ನಾನು ತಾಮ್ರಕ್ಕೆ ಬದಲಾಗಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸವೇ ನಿಷಿದ್ಧ. ಇಲ್ಲಿ ಆ ಕಟ್ಟುಪಾಡಿಲ್ಲ, ಆದರೆ ಸೀಸ ವಿಷ, ಬೇಟೆಯ ಮಾಂಸವನ್ನು ನನ್ನ ಮಕ್ಕಳು ತಿನ್ನುತ್ತಾರೆ.

ಬೇರೆಯವರು ನಿಮಗೆ 30-06 ಎನ್ನುತ್ತಾರೆ. 1906ರಷ್ಟು ಹಳೆಯದು, ಸ್ವಲ್ಪ ಹೆಚ್ಚು ವೇಗ, ಸ್ವಲ್ಪ ಹೆಚ್ಚು ಒದೆತ. ಯಾರಾದರೂ ಒಳ್ಳೆಯ ರೈಫಲನ್ನು ಕಡಿಮೆ ಬೆಲೆಗೆ ಕೊಟ್ಟರೆ ಬೇಡವೆನ್ನಬೇಡಿ. 6.5 ಕ್ರೀಡ್‌ಮೂರ್ ಭುಜಕ್ಕೆ ಇನ್ನೂ ಹಗುರ, ಗಾಳಿಗೆ ಕಡಿಮೆ ವಾಲುತ್ತದೆ. ಜಿಂಕೆಗೆ ಅದೇ ಸಾಕು, ಎಲ್ಕ್‌ಗೆ ಮಾತ್ರ ನನಗೆ ದಪ್ಪ ಗುಂಡಿನ ಮೇಲೆ ನಂಬಿಕೆ ಹೆಚ್ಚು.

ಕೊಲೊರಾಡೊ ನಿಯಮದಂತೆ ಈ ಬೇಟೆಗಳಿಗೆ ರೈಫಲಿನ ನಳಿಗೆಯ ಒಳವ್ಯಾಸ ಕನಿಷ್ಠ 0.24 ಇಂಚು ಇರಬೇಕು. ಗುಂಡು, ಬಡಿದಾಗ ಹಿಗ್ಗುವ ಜಾತಿಯದಾಗಿದ್ದು, ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್‌ಗೆ 85 ಗ್ರೇನ್ ತೂಗಬೇಕು. 308 ಇವೆಲ್ಲವನ್ನೂ ಸುಲಭವಾಗಿ ದಾಟುತ್ತದೆ.

ಇದಕ್ಕಿಂತ ಮುಖ್ಯವಾದದ್ದು ನಿಮ್ಮ ವೀಸಾ. ಅಮೆರಿಕದ ಕೇಂದ್ರ ಕಾನೂನು ನಿಮ್ಮಂಥ ತಾತ್ಕಾಲಿಕ ವೀಸಾದವರಿಗೆ ಬಂದೂಕನ್ನೂ ತೋಟೆಯನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಿದೆ. ಆದ್ದರಿಂದ ಮೊದಲು ಬೇಟೆ ಶಿಕ್ಷಣದ ತರಗತಿ, ಆಮೇಲೆ ಪರವಾನಗಿ, ಕೊನೆಗೆ ಅಂಗಡಿ. ಪರವಾನಗಿಯ ಅವಧಿ ಮುಗಿಯುವ ದಿನಾಂಕವನ್ನು ಬರೆದಿಟ್ಟುಕೊಳ್ಳಿ, ವಕೀಲರೊಬ್ಬರನ್ನೂ ಒಮ್ಮೆ ಕೇಳಿ.

ಪರವಾನಗಿ ಕೈಗೆ ಬಂದ ಮೇಲೆ, ರೈಫಲ್ ಬಾಡಿಗೆಗೆ ಕೊಡುವ ಶೂಟಿಂಗ್ ರೇಂಜಿಗೆ ಹೋಗಿ 308ರಲ್ಲಿ ಇಪ್ಪತ್ತು ಗುಂಡು ಹಾರಿಸಿ. ಕೊನೆಯ ಐದನ್ನು ಮೇಜಿಗೆ ಒರಗಿಸದೆ, ನೆಲದಲ್ಲಿ ಕುಳಿತು ಹೊಡೆಯಿರಿ. ಆ ಐದು ಎಲ್ಲಿ ಬಿದ್ದವು ಎಂದು ನನಗೆ ಇಲ್ಲೇ ಬರೆದು ತಿಳಿಸಿ.