ರಟ್ಟಿನ ಲಾರಿ ಎರಡೇ ದಿನಕ್ಕೆ ಕುಸಿಯುವುದೇಕೆ?

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಸಾಮಾನುಗಳ ರಟ್ಟಿನ ಪೆಟ್ಟಿಗೆಗಳಿಂದ ಐದು ವರ್ಷದ ಮಗನಿಗೆ ಲಾರಿ ಮಾಡಿಕೊಟ್ಟಿದ್ದೆ. ಚಕ್ರಕ್ಕೆ ನೀರಿನ ಬಾಟಲಿಯ ಮುಚ್ಚಳ ಬಳಸಿದ್ದೆ. ಎರಡೇ ದಿನದಲ್ಲಿ ತಳ ಕುಸಿದು, ಚಕ್ರಗಳು ಸೊಟ್ಟಗಾದವು. ಗಟ್ಟಿಯಾಗಿ ಮಾಡುವುದು ಹೇಗೆ? ಒಂದೂವರೆ ವರ್ಷದ ಮಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ; ಅವಳಿಗೆ ಇದರಿಂದ ಅಪಾಯವಿದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಪೆಟ್ಟಿಗೆಯ ಕತ್ತರಿಸಿದ ಅಂಚನ್ನು ಗಮನಿಸಿದರೆ, ಎರಡು ಸಪಾಟು ಕಾಗದಗಳ ನಡುವೆ ಅಲೆಅಲೆಯಾದ ಮತ್ತೊಂದು ಕಾಗದ ಕಾಣುತ್ತದೆ. ರಟ್ಟಿನ ಬಲವೆಲ್ಲ ಆ ಅಲೆಗಳ ಸಾಲು ಯಾವ ದಿಕ್ಕಿಗಿದೆ ಎಂಬುದರ ಮೇಲೆ ನಿಂತಿದೆ. ಸಾಲಿನ ಉದ್ದಕ್ಕೆ ಮಡಚಿದರೆ ರಟ್ಟು ಸಲೀಸಾಗಿ ಮಡಚಿಕೊಳ್ಳುತ್ತದೆ, ಅಡ್ಡಕ್ಕೆ ಮಡಚಲು ಹೋದರೆ ಎದುರು ಒತ್ತುತ್ತದೆ. ಆದ್ದರಿಂದ ಲಾರಿಯ ಪಕ್ಕದ ಗೋಡೆಗಳಲ್ಲಿ ಸಾಲುಗಳು ಮೇಲಿನಿಂದ ಕೆಳಕ್ಕೆ ಇರುವಂತೆ ಕತ್ತರಿಸಿ. ತಳಕ್ಕೆ ಎರಡು ಹಾಳೆಗಳನ್ನು ಒಂದರ ಸಾಲು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಭಾರ ಹೇರಿಡಿ. ಮಡಿಕೆ ಬೇಕಾದ ಕಡೆ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್‌ಪೆನ್ನಿನ ತುದಿಯಿಂದ ಒತ್ತಿ ಗೆರೆ ಎಳೆದರೆ ಅಂಚು ನೇರವಾಗಿ ಬರುತ್ತದೆ.

ಚಕ್ರ ಸೊಟ್ಟಗಾಗಲು ಕಾರಣ ಬಹುಪಾಲು ಬೇರೆಯೇ ಇರುತ್ತದೆ. ಕಡ್ಡಿಯನ್ನು ನೇರವಾಗಿ ರಟ್ಟಿನೊಳಗೆ ತೂರಿಸಿದಾಗ, ಅದು ತಿರುಗಿದಷ್ಟೂ ತೂತು ಅಗಲವಾಗುತ್ತದೆ. ಕಾಗದವನ್ನು ಬಿಗಿಯಾಗಿ ಸುತ್ತಿ ಮಾಡಿದ ಕೊಳವೆಯನ್ನು ಲಾರಿಯ ತಳಕ್ಕೆ ಅಂಟಿಸಿ, ಬಿದಿರಿನ ಕಡ್ಡಿ ಅದರೊಳಗೆ ತಿರುಗುವಂತೆ ಮಾಡಿ, ಚಕ್ರಗಳನ್ನು ಕಡ್ಡಿಗೇ ಭದ್ರವಾಗಿ ಅಂಟಿಸಬೇಕು. ಕಡ್ಡಿಯ ಚೂಪು ತುದಿಯನ್ನು ಕತ್ತರಿಸಿ, ಮೇಲೆ ಕಾಗದ ಅಂಟಿಸುವುದನ್ನು ಮರೆಯಬೇಡಿ.

ಅಂಟಿಗೆ ಮೈದಾ ಗಂಜಿ ಸಾಕು. ತೆಳುವಾಗಿ ಸವರಿ, ಚೆನ್ನಾಗಿ ಒಣಗಿಸಿ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಜಿರಳೆಯೂ ಬರುತ್ತದೆ. ಇದನ್ನು ತಡೆಯಲು ಪುಸ್ತಕಕ್ಕೆ ರಟ್ಟು ಹಾಕುವವರು ಗಂಜಿಗೆ ಮೈಲುತುತ್ತ ಬೆರೆಸುವುದುಂಟು. ಮಕ್ಕಳ ಆಟಿಕೆಗೆ ಅದು ಖಂಡಿತ ಬೇಡ, ಮೈಲುತುತ್ತ ವಿಷ.

ಮಗಳ ವಿಷಯದಲ್ಲಿ ನಿಮ್ಮ ಆತಂಕ ಸರಿಯಾದದ್ದೇ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿ.ಮೀ. ವ್ಯಾಸದ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೇ ಬಿಡಿಭಾಗ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದೇ ಲೆಕ್ಕ. ನೀರಿನ ಬಾಟಲಿಯ ಮುಚ್ಚಳ ಸಾಮಾನ್ಯವಾಗಿ ಅದಕ್ಕಿಂತ ಚಿಕ್ಕದು. ಹಾಗಾಗಿ ಈ ಚಕ್ರಗಳನ್ನು ಇವತ್ತೇ ತೆಗೆದುಬಿಡಿ. ಅಂಗೈ ಅಗಲದ ಮೂರು ರಟ್ಟಿನ ಬಿಲ್ಲೆಗಳನ್ನು ಸಾಲು ಅಡ್ಡಡ್ಡ ಬರುವಂತೆ ಒಂದರ ಮೇಲೊಂದು ಅಂಟಿಸಿದರೆ, ಮುಚ್ಚಳಕ್ಕಿಂತ ಒಳ್ಳೆಯ ಚಕ್ರವಾಗುತ್ತದೆ. ಬಾಗಿಲು, ಕಿಟಕಿಗೆಂದು ಗುಂಡಿ, ಮಣಿ, ಆಯಸ್ಕಾಂತಗಳನ್ನೂ ಅಂಟಿಸಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಹಲವು ಪೆಟ್ಟಿಗೆಗಳ ಜೋಡಣೆಗೆ ಲೋಹದ ಪಿನ್ನು ಹೊಡೆದಿರುತ್ತಾರೆ. ಕತ್ತರಿಸುವ ಮೊದಲೇ ಇಕ್ಕಳದಿಂದ ಅವನ್ನೆಲ್ಲ ಕಿತ್ತು, ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಪ್ಲಾಸ್ಟಿಕ್ ಟೇಪು, ವಿಳಾಸದ ಚೀಟಿಗಳನ್ನೂ ಬಿಡಿಸಿ. ಕೀಟನಾಶಕ, ಫಿನಾಯಿಲ್ ಬಂದ ಪೆಟ್ಟಿಗೆಗಳನ್ನು ಆಟಿಕೆಗೆ ಬಳಸಲೇಬಾರದು. ಬ್ಲೇಡಿನ ಕೆಲಸ ದೊಡ್ಡವರದು. ಬಣ್ಣ ಬಳಿಯುವುದು, ಅಂಟಿಸುವುದು ಮಗನಿಗಿರಲಿ.

ಮಗಳಿಗೆ ಲಾರಿಗಿಂತ, ಅವಳು ಒಳಗೆ ಕೂರಬಹುದಾದ ದೊಡ್ಡ ಖಾಲಿ ಪೆಟ್ಟಿಗೆಯೇ ಹೆಚ್ಚು ಇಷ್ಟವಾಗಬಹುದು. ಕಚ್ಚಿ ನೆನೆದ ರಟ್ಟು ಚೂರುಚೂರಾಗಿ ಬಾಯಿಗೆ ಬರುತ್ತದೆ, ಆದ್ದರಿಂದ ಪಕ್ಕದಲ್ಲೇ ಇದ್ದು ಆಡಿಸಿ. ಮಳೆಗಾಲದಲ್ಲಿ ಪೆಟ್ಟಿಗೆ ಬೇಗ ಮೆತ್ತಗಾಗುತ್ತದೆ; ಮೂಲೆ ಬಾಗಿದ ದಿನವೇ ಅದನ್ನು ತೆಗೆದು, ಬೇರೊಂದನ್ನು ಕೊಡಿ.