ಕೊಕ್ಕೆತಾತಿ ಯಾರದು, ನಿವೇಶನ ಯಾರದು?

ಪ್ರಶ್ನೆ: ನಾನು ವಿರಾಜಪೇಟೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಯಾಗಿ ನಾಪೋಕ್ಲು ಕಡೆಯ ಒಕ್ಕಕ್ಕೆ (ಕೊಡವ ಮನೆತನಕ್ಕೆ) ಹೋದೆ. ಎರಡು ವರ್ಷ ಎರಡು ತಿಂಗಳು ಜೊತೆಯಲ್ಲಿದ್ದೆವು, ಮಕ್ಕಳಿಲ್ಲ. ಹದಿನಾಲ್ಕು ತಿಂಗಳಿಂದ ತವರಿನಲ್ಲಿದ್ದೇನೆ. ಬೇರೆಯಾಗಲು ಇಬ್ಬರೂ ಒಪ್ಪಿದ್ದೇವೆ, ಆದರೆ ಲೆಕ್ಕಕ್ಕೆ ಕುಳಿತಾಗಲೆಲ್ಲ ಮಾತು ಮುರಿಯುತ್ತದೆ. ತವರಿನವರು ಹಾಕಿದ 20 ಪವನ್ (160 ಗ್ರಾಂ) ಚಿನ್ನ ಅತ್ತೆಯವರ ಬೀರುವಿನಲ್ಲಿದೆ. ಮದುವೆಯ ದಿನ ಅವರು ನನ್ನ ಕೊರಳಿಗೆ ಹಾಕಿದ, ಅವರ ಮನೆಯ ಹಳೆಯ ಕೊಕ್ಕೆತಾತಿ (ಅರ್ಧಚಂದ್ರದ ಪದಕವಿರುವ ಕೊಡವರ ಸರ) ನನ್ನ ಬಳಿ ಇದೆ. ಅವರ ತೋಟದಲ್ಲಿ ಹೋಂ ಸ್ಟೇಗೆಂದು ಎರಡು ಕೋಣೆ ಕಟ್ಟಿಸಲು ನನ್ನ ಖಾತೆಯಿಂದ 6 ಲಕ್ಷ ರೂಪಾಯಿ ಕೊಟ್ಟಿದ್ದೇನೆ. ಕುಶಾಲನಗರದಲ್ಲಿ ಇಬ್ಬರ ಹೆಸರಿನಲ್ಲಿ 18 ಲಕ್ಷಕ್ಕೆ ನಿವೇಶನ ಕೊಂಡಿದ್ದೇವೆ. ಅದರಲ್ಲಿ 5 ಲಕ್ಷ ನನ್ನದು, 3 ಲಕ್ಷ ಪತಿಯದು, 10 ಲಕ್ಷ ಬ್ಯಾಂಕ್ ಸಾಲ. ಕಂತುಗಳನ್ನು ಸಮನಾಗಿ ಕಟ್ಟಿದ್ದೇವೆ. ‘ಎಲ್ಲದರಲ್ಲೂ ಅರ್ಧ ಕೇಳು’ ಎನ್ನುತ್ತಾರೆ ಸೋದರಮಾವ. ‘ಸಂಬಂಧ ಅಡ್‌ಕುವಾಗ (ವಧುವನ್ನು ಗಂಡನ ಒಕ್ಕಕ್ಕೆ ಸೇರಿಸುವ ಮದುವೆಯ ಕಟ್ಟಳೆಯಲ್ಲಿ) ಕಲ್ಲು ಎಣಿಸಿ ಕೊಟ್ಟಿದ್ದಾರಲ್ಲ, ಒಕ್ಕದ ಜಮ್ಮಾ ಭೂಮಿಯಲ್ಲೂ ನಿನಗೆ ಪಾಲಿದೆ’ ಎನ್ನುತ್ತಾರೆ ಅವ್ವ. ‘ಮಕ್ಕಳೇ ಇಲ್ಲದ ಮೇಲೆ ಎಂಥ ಪಾಲು’ ಎನ್ನುತ್ತಾರೆ ಅವರ ಕಡೆಯವರು. ನ್ಯಾಯವಾದದ್ದು ಯಾವುದು?

– ಹೆಸರು ಬೇಡ, ಕೊಡಗು

ಉತ್ತರ: ಮೂವರು ಹೇಳುತ್ತಿರುವುದೂ ಸರಿಯಲ್ಲ. ವಿಚ್ಛೇದನವಾದರೆ ಆಸ್ತಿಯನ್ನೆಲ್ಲ ಅರ್ಧಕ್ಕೆ ಅರ್ಧ ಹಂಚಬೇಕೆಂಬ ನಿಯಮ ಕೆಲವು ಹೊರದೇಶಗಳಲ್ಲಿದೆ, ನಮ್ಮಲ್ಲಿಲ್ಲ. ಇಲ್ಲಿ ಯಾರ ಹೆಸರಿನಲ್ಲಿದೆ, ಯಾರ ಹಣದಿಂದ ಬಂತು ಎಂಬುದೇ ಮೊದಲ ಪ್ರಶ್ನೆ. ಮಕ್ಕಳಿದ್ದರೂ ಇಲ್ಲದಿದ್ದರೂ ಅದರ ಉತ್ತರ ಬದಲಾಗುವುದಿಲ್ಲ. ನಿಮ್ಮದರಂಥ ಅಲ್ಪಕಾಲದ ದಾಂಪತ್ಯದಲ್ಲಿ, ತಂದದ್ದು ತಂದವರಿಗೆ ಮರಳಿ, ಕೂಡಿ ಮಾಡಿದ್ದು ಹಾಕಿದ ಹಣದ ಪ್ರಮಾಣದಲ್ಲಿ ಹಂಚಿಕೆಯಾದರೆ ಅದನ್ನು ನ್ಯಾಯವೆಂದೇ ನಾನು ಭಾವಿಸುತ್ತೇನೆ.

ಅವ್ವನ ಮಾತಿಗೆ ಮೊದಲು ಉತ್ತರಿಸುತ್ತೇನೆ. ಎರಡೂ ಕಡೆಯ ಅರುವರು (ಒಕ್ಕದ ಪರವಾಗಿ ಮಾತನಾಡುವವರು) ಎದುರುಬದುರು ನಿಂತು ಕಲ್ಲು ಒಪ್ಪಿಸುವ ಆ ಕಟ್ಟಳೆ ಸೊಸೆಗೆ ಒಕ್ಕದಲ್ಲಿ ಸ್ಥಾನವನ್ನು ಕೊಡುತ್ತದೆ, ಕ್ರಯಪತ್ರವನ್ನಲ್ಲ. ಗಂಡ ಬದುಕಿರುವಾಗ ಅವನ ಪಿತ್ರಾರ್ಜಿತದಲ್ಲಿ ಹೆಂಡತಿಗೆ ಪ್ರತ್ಯೇಕ ಪಾಲಿಲ್ಲ. ಅದರಲ್ಲಿಯೂ ಜಮ್ಮಾ ಭೂಮಿ ಒಕ್ಕಕ್ಕೆ ಸೇರಿದ್ದಾದ್ದರಿಂದ ನಿಮ್ಮ ಪತಿ ಮನಸ್ಸು ಮಾಡಿದರೂ ಒಬ್ಬರೇ ಅದರಲ್ಲೊಂದು ತುಂಡನ್ನು ನಿಮಗೆ ಬರೆದುಕೊಡಲಾರರು. ಆ ಬೇಡಿಕೆಯನ್ನು ಕೈಬಿಟ್ಟರೆ ಉಳಿದ ಮಾತು ಬೇಗ ಮುಗಿಯುತ್ತದೆ.

ಚಿನ್ನದ ವಿಷಯದಲ್ಲಿ ಚೌಕಾಸಿಗೆ ಅವಕಾಶವೇ ಇಲ್ಲ. ಅದು ನಿಮ್ಮ ಸ್ತ್ರೀಧನ. ಯಾರ ಬೀರುವಿನಲ್ಲಿದ್ದರೂ ನಿಮ್ಮದೇ, ಇಟ್ಟುಕೊಂಡವರು ಕೇವಲ ಕಾವಲುಗಾರರು ಎಂಬುದನ್ನು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪಟ್ಟಿಯಲ್ಲಿ ‘20 ಪವನ್’ ಎಂದಷ್ಟೇ ಬರೆಯಬೇಡಿ. ಮದುವೆಯ ಆಲ್ಬಮ್ ಮುಂದಿಟ್ಟುಕೊಂಡು, ಕೈಯಲ್ಲಿರುವ ಬಳೆ ಎಷ್ಟು, ಕೊರಳಲ್ಲಿರುವ ಸರ ಯಾವುದು ಎಂದು ನೋಡಿ ಒಂದೊಂದನ್ನೂ ಹೆಸರಿಸಿ, ಅಂಗಡಿಯ ರಸೀದಿ ಇದ್ದರೆ ಗ್ರಾಂ ತೂಕವನ್ನೂ ನಮೂದಿಸಿ. ಕೊಕ್ಕೆತಾತಿಯ ಮಾತು ಬೇರೆ. ಗಂಡನ ಮನೆಯವರು ವಧುವಿಗೆ ಉಡುಗೊರೆಯಾಗಿ ಕೊಟ್ಟದ್ದೂ ಸ್ತ್ರೀಧನವೇ ಆದ್ದರಿಂದ, ಕಾನೂನಿನ ಬಲದಿಂದ ನೀವು ಅದನ್ನು ಇಟ್ಟುಕೊಳ್ಳಲೂಬಹುದು. ಆದರೆ ‘ಅವರ ಮನೆಯ ಹಳೆಯ ಕೊಕ್ಕೆತಾತಿ’ ಎಂದು ಬರೆದವರು ನೀವೇ. ನಿಮ್ಮ 20 ಪವನ್ ಕೈಗೆ ಬಂದ ದಿನವೇ ಅದನ್ನು ಅತ್ತೆಯವರ ಕೈಗೆ ಹಿಂದಿರುಗಿಸುವುದು ಚೆಂದ ಎಂದು ನನಗೆ ಅನಿಸುತ್ತದೆ. ಇದು ಸಲಹೆ ಮಾತ್ರ.

ಕೋಣೆಗಳ 6 ಲಕ್ಷವೇ ಅತ್ಯಂತ ಜಟಿಲವಾದದ್ದು. ನೆಲ ಅವರದಾದ್ದರಿಂದ ಕಟ್ಟಡದಲ್ಲಿ ನಿಮಗೆ ಪಾಲು ಸಿಗದು. ನೀವು ಕೇಳಬಹುದಾದದ್ದು ಹಣವನ್ನು. ಅದು ಉಡುಗೊರೆ ಎಂದು ಅವರು ಹೇಳಬಹುದು, ಸಾಲ ಎಂದು ನೀವು ಹೇಳಬಹುದು. ಸಾಲವೆಂದಾದರೆ ವಸೂಲಿಗೆ ದಾವೆ ಹೂಡಲು ಕೊಟ್ಟ ದಿನದಿಂದ ಮೂರು ವರ್ಷದ ಕಾಲಮಿತಿಯಿದೆ. ಹಣ ಕೊಟ್ಟ ದಿನಾಂಕವನ್ನು ನೀವು ತಿಳಿಸಿಲ್ಲ. ಮದುವೆಯಾಗಿಯೇ ಮೂರು ವರ್ಷ ದಾಟಿರುವುದರಿಂದ ಇಂದೇ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿ, ಅವಧಿ ಮುಗಿದಿರದಿದ್ದರೆ ಪತಿಯಿಂದ ‘ಇಷ್ಟು ಹಣ ಕೊಡಬೇಕಾಗಿದೆ’ ಎಂದು ಸಹಿ ಮಾಡಿದ ಪತ್ರವೊಂದನ್ನು ಪಡೆದುಕೊಳ್ಳಿ. ಕೊಡಗಿನ ಮಳೆಗಾಲಗಳನ್ನು ಕಂಡ ಕೋಣೆಗೆ ಸವಕಳಿ ಲೆಕ್ಕ ಹಾಕಲು ಅವರು ಹೊರಟರೆ, ಅತಿಥಿಗಳಿಂದ ಬಂದ ಬಾಡಿಗೆಯ ಲೆಕ್ಕವನ್ನು ನೀವು ಕೇಳಬೇಕಾಗುತ್ತದೆ; ಆ ಜಗಳಕ್ಕೆ ಕೊನೆಯಿಲ್ಲ. ಬಡ್ಡಿಯಿಲ್ಲದೆ, ಕಡಿತವಿಲ್ಲದೆ 6 ಲಕ್ಷ ಹಿಂದಿರುಗಿಸಿ ಮುಗಿಸುವುದು ಇಬ್ಬರಿಗೂ ಒಳ್ಳೆಯದು.

ನಿವೇಶನದ ಕ್ರಯಪತ್ರದಲ್ಲಿ ಪಾಲು ನಮೂದಾಗಿರದಿದ್ದರೆ ಸಮಪಾಲೆಂದು ಹೆಚ್ಚಿನವರು ತಿಳಿಯುತ್ತಾರೆ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ತಮ್ಮ ತಮ್ಮ ಹಣ ಹಾಕಿ ಕೊಂಡವರಿಗೆ ಹಾಕಿದ ಹಣದ ಪ್ರಮಾಣದಲ್ಲಿ ಹಕ್ಕು. ಯಾರೆಷ್ಟು ಹಾಕಿದರೆಂಬುದಕ್ಕೆ ಪುರಾವೆಯೇ ಇಲ್ಲದಾಗ ಮಾತ್ರ ಸಮಪಾಲೆಂಬ ಊಹೆ. ಈಗಿನ ಬೆಲೆ 24 ಲಕ್ಷವೆಂದೂ, ಸಾಲದ ಅಸಲಿನಲ್ಲಿ 1.6 ಲಕ್ಷ ತೀರಿ 8.4 ಲಕ್ಷ ಬಾಕಿಯಿದೆಯೆಂದೂ ಉದಾಹರಣೆಗೆ ಇಟ್ಟುಕೊಳ್ಳೋಣ. ಸಾಲ ಕಳೆದು ಉಳಿಯುವುದು 15.6 ಲಕ್ಷ. ನೀವು ಹಾಕಿದ್ದು 5.8 ಲಕ್ಷ, ಅವರು ಹಾಕಿದ್ದು 3.8 ಲಕ್ಷ. ಆ ಪ್ರಮಾಣದಲ್ಲಿ ನಿಮಗೆ ಸುಮಾರು 9.42 ಲಕ್ಷ ಬರಬೇಕು. ಸೋದರಮಾವ ಹೇಳುವ ಅರ್ಧ ತೆಗೆದುಕೊಂಡರೆ ಬರುವುದು 7.8 ಲಕ್ಷ ಮಾತ್ರ.

ಜೀವನಾಂಶವನ್ನು ಈ ಲೆಕ್ಕದೊಳಗೆ ಬೆರೆಸಬೇಡಿ. ಮಕ್ಕಳಿಲ್ಲವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲವಾದರೂ, ದಾಂಪತ್ಯದ ಅವಧಿ ಮತ್ತು ಇಬ್ಬರ ಆದಾಯವನ್ನು ನ್ಯಾಯಾಲಯ ನೋಡುವುದರಿಂದ, ಸಂಬಳ ಬರುವ ನಿಮಗೆ ದೊಡ್ಡ ಮೊತ್ತ ಸಿಗುವ ನಿರೀಕ್ಷೆ ಬೇಡ.

ಒಂದು ವರ್ಷಕ್ಕೂ ಮೀರಿ ಬೇರೆ ಇರುವುದರಿಂದ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಡಿ ಪರಸ್ಪರ ಒಪ್ಪಿಗೆಯ ಅರ್ಜಿಯನ್ನು ಈಗಲೇ ಸಲ್ಲಿಸಬಹುದು. ಒಡವೆಯ ಪಟ್ಟಿ, ಮೊತ್ತಗಳು, ಕೊಡುವ ದಿನಾಂಕ ಎಲ್ಲವೂ ಆ ಅರ್ಜಿಯಲ್ಲೇ ಇರಲಿ. ಸಾಮಾನ್ಯವಾಗಿ ಆರು ತಿಂಗಳ ನಂತರ ನಡೆಯುವ ಎರಡನೆಯ ಹಂತಕ್ಕೆ ಮುನ್ನ ಹಣ ಡಿಡಿ ರೂಪದಲ್ಲಿ ಸಿದ್ಧವಾಗಿರಲಿ. ವಕೀಲರ ಶುಲ್ಕ ಹೊರೆಯೆನಿಸಿದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿದೆ.

ಕೊನೆಯದಾಗಿ, ನಿವೇಶನವನ್ನು ಪತಿ ಇಟ್ಟುಕೊಳ್ಳುವುದಾದರೆ ನೀವು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕಾಗುತ್ತದೆ. ವಿಚ್ಛೇದನದ ಡಿಕ್ರಿಗೆ ಬ್ಯಾಂಕ್ ಬದ್ಧವಲ್ಲ. ಅವರು ಕಂತು ತಪ್ಪಿಸಿದರೆ ನೋಟಿಸು ಬರುವುದು ನಿಮ್ಮ ವಿಳಾಸಕ್ಕೂ ಹೌದು. ಸಾಲದಿಂದ ನಿಮ್ಮ ಹೆಸರನ್ನು ಕೈಬಿಟ್ಟಿರುವುದಾಗಿ ಬ್ಯಾಂಕು ಲಿಖಿತವಾಗಿ ಕೊಡುವವರೆಗೆ ಆ ಪತ್ರಕ್ಕೆ ಸಹಿ ಹಾಕಬೇಡಿ.